ಕಾರು ಯಾರದು?

ನಮಸ್ಕಾರ.

ಇಂಗ್ಲೆಂಡಿನ ಕಾನೂನಿನಲ್ಲಿ ಕರಾರು ಯಾವಾಗ ಬಿದ್ದುಹೋಗುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನೀವು ಚೆನ್ನಾಗಿ ಓದಿಕೊಂಡಿದ್ದೀರಿ, ಅದು ಗೊತ್ತಾಗುತ್ತದೆ. ಆದರೆ ತಪ್ಪು ತಿಳಿವಳಿಕೆ, ಸುಳ್ಳು, ಬೆದರಿಕೆ, ಅಪ್ರಾಪ್ತ ವಯಸ್ಸು ಅಂತ ಒಂದೊಂದಕ್ಕೂ ಅಳೆದು ಒಂದೊಂದು ಪ್ಯಾರಾ ಕೊಟ್ಟಿದ್ದೀರಿ. ಪರೀಕ್ಷೆಯ ನೋಟ್ಸ್ ಥರ ಇದೆ.

ನಿಮ್ಮ ನಿಜವಾದ ಕಥೆ ಆರನೇ ಪುಟದಲ್ಲಿ ಅಡಗಿ ಕೂತಿದೆ. 1971ರ ಲೂಯಿಸ್–ಆವರೇ ಕೇಸು. ಅದಕ್ಕೆ ಒಂದೇ ಸಾಲು! ಒಬ್ಬ ವಿದ್ಯಾರ್ಥಿ ತನ್ನ ಮಿನಿ ಕೂಪರ್ ಮಾರಲು ಹೊರಟಿದ್ದ. ಬಂದವನು, ಟೀವಿಯಲ್ಲಿ ರಾಬಿನ್ ಹುಡ್ ಆಗಿದ್ದ ರಿಚರ್ಡ್ ಗ್ರೀನ್ ನಾನೇ ಅಂದ. 450 ಪೌಂಡಿಗೆ ಚೆಕ್ ಬರೆದ. ಹುಡುಗ ಹಿಂದೆಮುಂದೆ ನೋಡಿದಾಗ ಪೈನ್‌ವುಡ್ ಸ್ಟುಡಿಯೋದ ಪಾಸ್ ತೋರಿಸಿದ. ಅದರಲ್ಲಿ ಅವನದೇ ಫೋಟೋ. ಕಾರು ಹೋಯಿತು. ಚೆಕ್ಕು ಕದ್ದ ಪುಸ್ತಕದ್ದು. ಅಷ್ಟರಲ್ಲಿ ಕಾರು 200 ಪೌಂಡಿಗೆ, ಏನೂ ಅರಿಯದ ಇನ್ನೊಬ್ಬ ವಿದ್ಯಾರ್ಥಿಯ ಕೈಸೇರಿತ್ತು.

ಈಗ ಕಾರು ಯಾರದು? ನಿಮ್ಮ ಇಡೀ ಲೇಖನ ಇರುವುದು ಇಲ್ಲೇ. ಕರಾರು ಹುಟ್ಟಲೇ ಇಲ್ಲ ಅಂದರೆ ಮೋಸಗಾರನಿಗೆ ಕಾರಿನ ಹಕ್ಕೂ ಬರಲಿಲ್ಲ. ತನ್ನದಲ್ಲದ್ದನ್ನು ಅವನು ಹೇಗೆ ಮಾರಿಯಾನು? ಹುಟ್ಟಿದೆ, ಆದರೆ ಮೋಸಹೋದವನು ಮುರಿಯಬಹುದು ಅಂದರೆ ಲೆಕ್ಕ ಬೇರೆ. ಮುರಿಯುವ ಮೊದಲೇ ಅಮಾಯಕನೊಬ್ಬ ಕೊಂಡರೆ ಕಾರು ಅವನದು. ಲಾರ್ಡ್ ಡೆನ್ನಿಂಗ್ ಇದ್ದ ಪೀಠ ಎರಡನೆಯದನ್ನೇ ಹೇಳಿತು. ವ್ಯವಹಾರ ನಡೆದದ್ದು ಎದುರಿಗೆ ನಿಂತವನ ಜೊತೆಗೇ, ಅಲ್ವಾ? ಮೊದಲ ಹುಡುಗನಿಗೆ ಕಾರೂ ಇಲ್ಲ, ಕಾಸೂ ಇಲ್ಲ.

ಪಕ್ಕದಲ್ಲೇ 1878ರ ಕಂಡಿ–ಲಿಂಡ್ಸೆ ಕೇಸು ಇಡಿ. ಬ್ಲೆಂಕಾರ್ನ್ ಎಂಬವನು ಕಾಗದದಲ್ಲಿ, ಬ್ಲೆಂಕಿರಾನ್ ಎಂಬ ಹೆಸರುವಾಸಿ ಕಂಪನಿಯದು ಅಂತ ಕಾಣುವ ಹಾಗೆ ಸಹಿ ಹಾಕಿ ಕರ್ಚೀಫು ತರಿಸಿಕೊಂಡ. ಮುಖಾಮುಖಿ ಇಲ್ಲ, ಬರೀ ಕಾಗದ. ಅಲ್ಲಿ ಕರಾರೇ ಆಗಿಲ್ಲ ಎಂದಾಯಿತು. ಅವನಿಂದ ಕೊಂಡವರು ಬೆಲೆ ತೆರಬೇಕಾಯಿತು.

ಒಂದು ತಪ್ಪೂ ಇದೆ. ಅಪ್ರಾಪ್ತರ ಕರಾರು ಪೂರ್ತಿ ಶೂನ್ಯ ಎಂದಿದ್ದೀರಿ. ಅದು ನಮ್ಮ ದೇಶದ ಮಾತು, 1903ರ ಮೊಹೊರಿ ಬೀಬಿ ಕೇಸಿನಲ್ಲಿ, ಆಗ ನಮ್ಮ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದ್ದು. ಇಂಗ್ಲೆಂಡಿನಲ್ಲಿ ಹುಡುಗ ಕೆಲಸ ಕಲಿಯಲು ಮಾಡಿಕೊಂಡ ಕರಾರು ಒಟ್ಟಾರೆ ಅವನಿಗೆ ಅನುಕೂಲವಾಗಿದ್ದರೆ ಅವನನ್ನೂ ಕಟ್ಟಿಹಾಕುತ್ತದೆ.

ಇನ್ನು ಆ ‘ಶೂನ್ಯೀಕರಣೀಯ’! ನಾನೇ ಎಡವಿದೆ. ಸುಮ್ನೆ ‘ಬೇಕಾದರೆ ಮುರಿಯಬಹುದಾದ ಕರಾರು’ ಅನ್ನಿ. ಬೆದರಿಕೆಯ ಭಾಗ ಬೇರೆ ಲೇಖನಕ್ಕಿರಲಿ. ಕಾರಿನಿಂದ ಶುರು ಮಾಡಿ ಕಳಿಸಿ, ಓದುತ್ತೇನೆ.