ಕಾನೂನು ಕೇಳಿ: ಮೇಸ್ತ್ರಿ ಹೋದ, ಬಟವಾಡೆ ಬಾಕಿ ಉಳಿಯಿತು

ಪ್ರಶ್ನೆ: ಮೇಡಂ, ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ದೇವದುರ್ಗದ ಕಡೆಯಿಂದ ಗುಳೆ ಬಂದ ಗಂಡ ಹೆಂಡತಿ ಸೈಟಿನಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದಾರೆ. ಏಳು ವರ್ಷದ ಮಗಳಿದ್ದಾಳೆ, ದಿನವಿಡೀ ಮರಳಿನ ಗುಡ್ಡೆ ಮೇಲೆ ಆಡಿಕೊಂಡಿರುತ್ತಾಳೆ. ಅವರನ್ನು ಕರೆತಂದ ಮೇಸ್ತ್ರಿಗೆ ಆಗಾಗ ದುಡ್ಡು ಕೊಡುತ್ತಾ ಬಂದಿದ್ದೇನೆ. ಈಗ ಆತ ಬೇರೆ ಸೈಟು ಹಿಡಿದಿದ್ದಾನೆ, ಫೋನ್ ಎತ್ತುತ್ತಿಲ್ಲ. ಇವರಿಗೆ ಆರು ವಾರದಿಂದ ಬಟವಾಡೆ ಆಗಿಲ್ಲವಂತೆ. ಊರಲ್ಲಿ ಕೊಟ್ಟ ಮುಂಗಡಕ್ಕೆ ಇಬ್ಬರ ಆಧಾರ್ ಕಾರ್ಡನ್ನೂ ಅವನೇ ಇಟ್ಟುಕೊಂಡಿದ್ದಾನಂತೆ. ಒಮ್ಮೆ ಕೊಟ್ಟ ದುಡ್ಡನ್ನು ನಾನು ಮತ್ತೆ ಕೊಡಬೇಕಾ?
— ಹೆಸರು ಬೇಡ, ಮೈಸೂರು

ಉತ್ತರ: ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕು, ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳಬೇಕು. ಗುತ್ತಿಗೆ ಕಾರ್ಮಿಕರಿಗೆ 1970ರ ಕಾನೂನು ಮಾಡಿದ ನಿಯಮ ಇದು, 2025ರಲ್ಲಿ ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಅದು ಕಂಪನಿ, ಕಾರ್ಖಾನೆಗಳನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ್ದು. ನಿಮ್ಮ ಹಾಗೆ ಒಂದೇ ಮನೆ ಕಟ್ಟಿಸುವವರಿಗೆ ಅನ್ವಯಿಸುವುದಿಲ್ಲ ಅಂತ ಯಾವ ವಕೀಲರಾದರೂ ವಾದ ಮಾಡಬಹುದು. ನಾನು ಮಾಡುವುದಿಲ್ಲ. ಕೊಟ್ಟುಬಿಡಿ. ಮೇಸ್ತ್ರಿಗೆ ಕೊಡಬೇಕಾದ್ದು ಏನಾದರೂ ಉಳಿದಿದ್ದರೆ ಅದರಲ್ಲಿ ಹಿಡಿದುಕೊಳ್ಳಿ. ಎರಡು ಸಲ ಕೊಡುವುದು ನಿಮಗೂ ಹೊರೆಯೇ. ಒಟ್ಟಿಗೆ ಆಗದಿದ್ದರೆ ಎರಡು ಮೂರು ವಾರಕ್ಕೆ ಹಂಚಿಕೊಳ್ಳಿ. ನಿಮ್ಮ ಗೋಡೆಯಂತೂ ಎದ್ದು ನಿಂತಿದೆ, ಅಲ್ವಾ? ಕಟ್ಟಿದವರ ಕೈ ಖಾಲಿ.

ನನಗೆ ದಿಗಿಲಾಗಿದ್ದು ಆಧಾರ್ ಕಾರ್ಡಿನ ಮಾತು ಓದಿ. ಮುಂಗಡ ತೀರುವ ತನಕ ಕಾರ್ಡು ಹಿಡಿದಿಟ್ಟು ಆಳನ್ನು ಕಟ್ಟಿಹಾಕುವುದು ಜೀತದ ದಾರಿ. ಜೀತವನ್ನು 1976ರ ಕಾನೂನು ರದ್ದು ಮಾಡಿದೆ. ಜೀತ ಅಂತ ಸಾಬೀತಾದರೆ ಆ ಮುಂಗಡದ ಸಾಲವೂ ರದ್ದು. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿಸಿ. ನೀವೂ ಜೊತೆಗೆ ಹೋಗಿ, ಅವರಿಗೆ ಬಾಯಿ ಬಿಡಲು ಧೈರ್ಯ ಬರುತ್ತದೆ. ಕೂಲಿಯ ದೂರು ಕಾರ್ಮಿಕ ಇಲಾಖೆಗೆ. ಅವರ ಸಹಾಯವಾಣಿ 155214.

ನನ್ನಪ್ಪ ಗಾರೆ ಕೆಲಸದವರು. ನಾನೂ ಇಂಥ ಶೆಡ್ಡಿನಲ್ಲೇ ಬೆಳೆದವಳು. ಅವ್ವ ದಿನಾ ಸಂಜೆ ಒಲೆಯ ಇದ್ದಿಲಿನಿಂದ ತಗಡಿನ ಒಳಮೈಗೆ ಗೆರೆ ಎಳೆಯುತ್ತಿದ್ದಳು. ಅಪ್ಪನ ದಿನಕ್ಕೆ ಉದ್ದ ಗೆರೆ, ಅವಳ ದಿನಕ್ಕೆ ಗಿಡ್ಡ ಗೆರೆ, ಅರ್ಧ ದಿನಕ್ಕೆ ಚುಕ್ಕೆ. ಒಮ್ಮೆ ಬಟವಾಡೆಯ ದಿನ ಬೆಳಿಗ್ಗೆಯೇ ಮೇಸ್ತ್ರಿ ಕಡೆಯವರು ಬಂದರು. ಬೇರೆ ಸೈಟಿಗೆ ಬೇಕು ಅಂತ ತಗಡುಗಳನ್ನು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು. ಸಂಜೆ ಅವ್ವ ಇಪ್ಪತ್ತಾರು ದಿನ ಅಂದಳು, ಮೇಸ್ತ್ರಿ ಹತ್ತೊಂಬತ್ತು ಅಂದ. ಹತ್ತೊಂಬತ್ತಕ್ಕೇ ಮುಗಿಯಿತು.

ಅದಕ್ಕೇ ಕೇಳಿಕೊಳ್ಳುತ್ತೇನೆ, ಇವತ್ತೇ ಒಂದು ನೋಟ್‌ಬುಕ್ ತನ್ನಿ. ಇಬ್ಬರನ್ನೂ ಕೂರಿಸಿಕೊಂಡು ಬರೆಯಿರಿ. ಯಾವತ್ತಿನಿಂದ ಕೆಲಸ, ಎಷ್ಟು ದಿನ, ದಿನಕ್ಕೆ ಎಷ್ಟು, ನಡುವೆ ಖರ್ಚಿಗೆ ಇಸ್ಕೊಂಡಿದ್ದು ಎಷ್ಟು. ಪ್ರತಿ ಪುಟದ ಕೆಳಗೆ ನಿಮ್ಮ ಸಹಿ, ಅವರ ಸಹಿ ಅಥವಾ ಹೆಬ್ಬೆಟ್ಟು.

ಇದು ಬರೀ ಕೂಲಿ ಲೆಕ್ಕಕ್ಕಲ್ಲ. ನಕ್ಷೆ ಮಂಜೂರಾದಾಗ ದುಡ್ಡು ಕಟ್ಟಿದ ರಸೀದಿ ತೆಗೆದು ನೋಡಿ. ಲೇಬರ್ ಸೆಸ್ ಅಂತ ಒಂದು ಸಾಲು ಇದ್ದರೆ ಅದು ಕಟ್ಟಡದ ಖರ್ಚಿನ ಶೇ. 1. ಆ ದುಡ್ಡು ಹೋಗುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. ಅಂದರೆ ಇಂಥವರಿಗಾಗಿ ನೀವು ಆಗಲೇ ದುಡ್ಡು ಕಟ್ಟಿದ್ದೀರಿ, ಇವರಿಗೆ ಮುಟ್ಟಿಲ್ಲ ಅಷ್ಟೇ. ಮಂಡಳಿಯಲ್ಲಿ ಹೆಸರು ಬರೆಸಲು ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ 90 ದಿನಕ್ಕೆ ಪ್ರಮಾಣಪತ್ರ ಬೇಕು. ಎಷ್ಟೋ ಜನ ನಿಂತುಬಿಡುವುದೇ ಇಲ್ಲಿ. ಎರಡು ತಿಂಗಳಿಗೊಂದು ಸೈಟು. ಮೇಸ್ತ್ರಿ ಸಹಿ ಹಾಕುವುದಿಲ್ಲ. ಮನೆ ಮಾಲೀಕರಿಗೆ ಇವರ ಹೆಸರೇ ಗೊತ್ತಿರುವುದಿಲ್ಲ. ನೀವು ಸಹಿ ಹಾಕಿಕೊಡಿ. ಲೇಬರ್ ಕಾರ್ಡು ಕೈಗೆ ಬಂದರೆ ಮಗಳ ಓದಿಗೆ, ಹೆರಿಗೆಗೆ, ಅಪಘಾತವಾದರೆ ಅದಕ್ಕೆ ಸಹಾಯ ಕೇಳಬಹುದು.

ವಲಸೆ ಕಾರ್ಮಿಕರಿಗೆ ಅಂತಲೇ 1979ರಲ್ಲಿ ಒಂದು ಕಾನೂನು ಬಂತು. ಅದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಇತ್ತು, 2025ರಲ್ಲಿ ಅದರ ಜಾಗಕ್ಕೆ ಬಂದ ಸಂಹಿತೆಯೂ ಹಾಗೇ. ದೇವದುರ್ಗದಿಂದ ಗೋವಾಕ್ಕೆ ಹೋದರೆ ವಲಸಿಗರು, ಅರ್ಧ ಕರ್ನಾಟಕ ದಾಟಿ ಮೈಸೂರಿಗೆ ಬಂದರೆ ಅಲ್ಲ. ನನಗೆ ಇದು ಯಾವತ್ತೂ ನ್ಯಾಯ ಅನ್ನಿಸಿಲ್ಲ.

ಮಗುವನ್ನು ನಾಳೆಯೇ ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. ಟಿಸಿ ಇಲ್ಲ, ವರ್ಷ ಅರ್ಧ ಆಗಿದೆ ಅಂತ ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾನೂನಿನಲ್ಲೇ ಇದೆ.

ಇನ್ನೊಂದು ಮಾತು. ಶನಿವಾರ ಬಟವಾಡೆ ಮಾಡಿ ಸಹಿ ಹಾಕಿದ ಮೇಲೆ ಆ ನೋಟ್‌ಬುಕ್ಕನ್ನು ನಿಮ್ಮ ಬೀರುವಿನಲ್ಲಿ ಇಡಬೇಡಿ. ಆ ಹೆಣ್ಣುಮಗಳ ಕೈಗೇ ಕೊಡಿ. ನಿಮಗೆ ಬೇಕಾದರೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.