ಇಯರ್ ವಾಕ್ ಗೇಮಲ್ಲಿ ಪಝಲ್ ಯಾಕೆ ಇಷ್ಟು ಕಷ್ಟ? ವಾಕ್‌ಥ್ರೂ ನೋಡ್ಬಿಡ್ಲಾ?

ನೀವು ಕೇಳಿರೋದು ಇಷ್ಟು: ಸ್ಟೀಮಲ್ಲಿ ಇಯರ್ ವಾಕ್ ತಗೊಂಡಿದೀರ, ಹಿಮದ ಕಾಡಲ್ಲಿ ಸುತ್ತಿ ಸುತ್ತಿ ಕೊನೆಗೆ ಆ ಸೂಟು ಹಾಕ್ಕೊಂಡಿರೋ ಕುದುರೆ ತನಕ ಬಂದಿದೀರ, ಅಲ್ಲಿಂದ ಮುಂದಕ್ಕೆ ದಾರಿ ಕಾಣ್ತಿಲ್ಲ, ಗೇಮೂ ಏನೂ ಹೇಳಲ್ಲ. ಹಾರರ್ ಗೇಮಿಗೆ ಇಷ್ಟು ಕಷ್ಟದ ಪಝಲ್ ಯಾಕೆ ಬೇಕು, ವಾಕ್‌ಥ್ರೂ, ಅಂದ್ರೆ ಬೇರೆಯವರು ಗೇಮನ್ನ ಹೆಂಗೆ ಮುಗಿಸಿದ್ರು ಅಂತ ತೋರ್ಸೋ ವಿಡಿಯೋ, ನೋಡ್ಬಿಡ್ಲಾ ಅಂತ. ನೋಡ್ಬೇಡಿ ಮಾರಾಯ್ರೆ, ಅಂದ್ರೆ ಪೂರ್ತಿ ವಿಡಿಯೋ ನೋಡ್ಬೇಡಿ. ಸುಳಿವು ತಗೊಳ್ಳಿ, ಅದ್ರಲ್ಲಿ ಏನೂ ಅವಮಾನ ಇಲ್ಲ. ಯಾಕೆ ಅಂತ ಸ್ವಲ್ಪ ಉದ್ದ ಬರೀತೀನಿ, ಇಲ್ಲಿ ಮೂಡಿಗೆರೆ ಕಡೆ ಬೆಳಿಗ್ಗೆಯಿಂದ ಮಳೆ, ತೋಟದ ಕೆಲ್ಸ ನಿಂತಿದೆ, ನನಗೂ ಟೈಮಿದೆ.

ಗೇಮಿನ ಹಿನ್ನೆಲೆ ಗೊತ್ತಿದ್ರೆ ಅರ್ಧ ಕಷ್ಟ ಕಮ್ಮಿ ಆಗುತ್ತೆ. ಮಾಡಿದೋರು ಸಿಮೋಗೊ ಅಂತ, ಸ್ವೀಡನ್ನಿನ ಮಾಲ್ಮೊ ಊರಿನ ಸಣ್ಣ ಸ್ಟುಡಿಯೋ, ಸೈಮನ್ ಫ್ಲೆಸರ್ ಮತ್ತೆ ಮ್ಯಾಗ್ನಸ್ ಗಾರ್ಡೆಬ್ಯಾಕ್ ಅಂತ ಇಬ್ರು 2010ರಲ್ಲಿ ಶುರು ಮಾಡಿದ್ದು. 2013ರ ಫೆಬ್ರವರಿಲಿ ಐಫೋನ್ ಐಪ್ಯಾಡಿಗೆ ಬಂತು, ಮುಂದಿನ ವರ್ಷ ಪಿಸಿಗೆ. ಕಥೆ ಸ್ವೀಡನ್ನಿನ ಒಂದು ಹಳೇ ಆಚರಣೆ ಮೇಲೆ ನಿಂತಿದೆ, ಅದನ್ನ ಓರ್ಸ್‌ಗೊಂಗ್ ಅಂತಾರೆ. ಕ್ರಿಸ್‌ಮಸ್ಸು ಇಲ್ಲಾ ಹೊಸ ವರ್ಷದ ಹಿಂದಿನ ದಿನ ಊಟ ನೀರು ಮುಟ್ಟದೆ ಕತ್ತಲೆ ಕೋಣೆಲಿ ಕೂತಿರ್ಬೇಕು, ಬೆಂಕಿ ಬೆಳಕು ಕಣ್ಣಿಗೆ ಬೀಳ್ಬಾರ್ದು, ನಡುರಾತ್ರಿ ಎದ್ದು ಒಬ್ನೇ ಚರ್ಚಿನ ತನಕ ನಡೀಬೇಕು, ದಾರಿಲಿ ಎದುರಾಗೋದನ್ನೆಲ್ಲ ದಾಟಿ ಹೋದ್ರೆ ಬರೋ ವರ್ಷ ಊರಲ್ಲಿ ಏನಾಗುತ್ತೆ, ಯಾರು ಸಾಯ್ತಾರೆ ಅಂತ ಕಾಣುತ್ತೆ ಅನ್ನೋ ನಂಬಿಕೆ. ಗೇಮಲ್ಲಿ ನೀವು ಡೇನಿಯಲ್ ಸ್ವೆನ್ಸನ್ ಅನ್ನೋ ಹುಡುಗ, ಸ್ಟೀನಾ ಅನ್ನೋಳ ಮೇಲೆ ಪ್ರೀತಿ, ಆ ಪ್ರೀತಿ ಮುಂದೆ ಏನಾಗುತ್ತೋ ತಿಳ್ಕೊಬೇಕು ಅಂತ ಹೊರಟಿದಾನೆ.

ನಮ್ಮ ಕಡೆ ಅಮಾವಾಸ್ಯೆ ರಾತ್ರಿ ತೋಟದ ಕಡೆ ಹೋಗ್ಬೇಡ, ಗದ್ದೆ ಬಯಲಲ್ಲಿ ಕೊಳ್ಳಿದೆವ್ವದ ಬೆಳಕು ಕಂಡ್ರೆ ಆ ಕಡೆ ನೋಡ್ಬೇಡ, ಯಾರಾದ್ರೂ ಕರೆದ್ರೆ ಓ ಅನ್ಬೇಡ ಅಂತ ಹೇಳಿ ಬೆಳೆಸ್ತಾರೆ. ಎಲ್ಲಾ ಬೇಡ ಬೇಡಗಳೇ. ಅವ್ರದ್ದು ಉಲ್ಟಾ, ಹೋಗು, ನೋಡು, ಎದುರಿಗೆ ನಿಲ್ಲು. ನನಗೆ ಈ ಗೇಮ್ ಅಷ್ಟು ಹಿಡಿಸಿದ್ದು ಇದಕ್ಕೇ, ನಿಮ್ಮ ಪ್ರಶ್ನೆಗೆ ಉತ್ತರಾನೂ ಇಲ್ಲೇ ಇದೆ.

ಮಾಮೂಲಿ ಹಾರರ್ ಗೇಮಲ್ಲಿ ದೆವ್ವ ಬಂತಾ, ಓಡ್ತೀವಿ, ಬಾಗಿಲು ಹಾಕ್ಕೊಂತೀವಿ, ಕಬೋರ್ಡ್ ಒಳಗೆ ಕೂತ್ಕೊಂತೀವಿ, ಸ್ಕ್ರೀನ್ ಕಡೆ ಅರ್ಧ ಕಣ್ಣಲ್ಲೇ ನೋಡಿದ್ರೂ ಆಟ ಮುಂದೆ ಹೋಗುತ್ತೆ. ಇಲ್ಲಿ ಹಂಗಲ್ಲ. ಇಲ್ಲಿ ಹೆದರಿಸೋ ವಸ್ತುನೇ ಪಝಲ್, ಅದನ್ನ ಬಿಡಿಸ್ಬೇಕಂದ್ರೆ ನೀವು ಅದರ ಹತ್ರ ಹೋಗಿ, ಮುಖ ನೋಡಿ, ಅದರ ದನಿ ಕೇಳಿ, ಏನ್ ವಿಚಿತ್ರ ಇದೆ ಅಂತ ಗಮನ ಇಟ್ಟು ಲೆಕ್ಕ ಹಾಕ್ಬೇಕು. ಸುಲಭ ಇದ್ದಿದ್ರೆ ಎರಡು ಸೆಕೆಂಡಲ್ಲಿ ದಾಟ್ತಿದ್ರಿ, ಕಷ್ಟ ಇರೋದ್ರಿಂದ ಅಲ್ಲೇ ನಿಲ್ತೀರ, ನಿಂತಷ್ಟೂ ಅದು ಒಳಗೆ ಇಳಿಯುತ್ತೆ. ಹುಲ್ಡ್ರಾ ಅಂತ ಬರ್ತಾಳಲ್ಲ, ಕಾಡಿನ ಹೆಂಗಸು, ನಮ್ಮ ಮೋಹಿನಿ ಜಾತಿಯವಳೇ ಅನ್ನಿ, ಮೋಹಿನಿಗೆ ಪಾದ ಹಿಂದುಮುಂದು ಅಂದ್ರೆ ಇವಳಿಗೆ ಬಾಲ ಇರುತ್ತೆ, ಬೆನ್ನು ಟೊಳ್ಳು ಅಂತಾರೆ. ಆಮೇಲೆ ಮೈಲಿಂಗ್‌ಗಳು, ಹುಟ್ಟಿದ ಕೂಡ್ಲೇ ಯಾರಿಗೂ ಗೊತ್ತಾಗದ ಹಂಗೆ ಕಾಡಲ್ಲಿ ಬಿಟ್ಟು ಬಂದ ಕೂಸುಗಳ ಆತ್ಮ, ದೀಕ್ಷಾಸ್ನಾನ ಇಲ್ಲ, ಹೂಳಿದ ಜಾಗ ಇಲ್ಲ. ಈ ಮೈಲಿಂಗ್ ಜಾಗಗಳಲ್ಲಿ ಒಂದು ಸಲಾನೂ ಗೇಮ್ ಕಿರುಚಲ್ಲ, ಆದ್ರೂ ನನಗೆ ಹೆಚ್ಚು ಕಷ್ಟ ಆಗಿದ್ದು ಅಲ್ಲೇ, ಯಾಕಂದ್ರೆ ಹುಡುಕೋ ಕೆಲಸ ನಮ್ಮದು, ಹುಡುಕ್ತಾ ಹುಡುಕ್ತಾ ಇದು ಏನು ಅಂತ ಗೊತ್ತಾಗೋದೂ ನಮಗೇ.

ಇದೇ ಮಾತಿಗೆ ಇನ್ನೊಂದು ಗೇಮ್ ನೆನಪಾಗುತ್ತೆ, ಪಿ.ಟಿ. ಅಂತ, ಕೇಳಿರ್ಬೋದು. 2014ರ ಆಗಸ್ಟ್ 12ಕ್ಕೆ ಪ್ಲೇಸ್ಟೇಷನ್ 4ರಲ್ಲಿ ಫ್ರೀ ಬಿಟ್ರು, 7780ಎಸ್ ಸ್ಟುಡಿಯೋ ಅನ್ನೋ ಯಾರೂ ಕೇಳಿರದ ಇಂಡೀ, ಅಂದ್ರೆ ಸಣ್ಣ ಸ್ವತಂತ್ರ ಕಂಪನಿ ಹೆಸರಲ್ಲಿ. ಅಂಥ ಸ್ಟುಡಿಯೋನೇ ಇರ್ಲಿಲ್ಲ, ಹಿಂದೆ ಇದ್ದಿದ್ದು ಜಪಾನಿನ ಹೆಸರಾಂತ ಗೇಮ್ ನಿರ್ದೇಶಕ ಹಿದಿಯೊ ಕೊಜಿಮಾ, ಅಂದ್ರೆ ಇಂಡೀ ವೇಷದಲ್ಲಿ ಬಂದ ದೊಡ್ಡೋರ ಗೇಮ್. ಒಂದು ಮನೆಯ ಎಲ್ ಆಕಾರದ ಕಾರಿಡಾರ್ ಅಷ್ಟೇ, ಕೊನೇ ಬಾಗಿಲು ದಾಟಿದ್ರೆ ಮತ್ತೆ ಅದೇ ಕಾರಿಡಾರ್, ಪ್ರತಿ ಸುತ್ತಿಗೂ ಏನೋ ಒಂದು ಚೂರು ಬದಲಾಗಿರುತ್ತೆ. ಹರಿದ ಫೋಟೋ ಚೂರುಗಳನ್ನ ಕೂಡಿಸ್ಬೇಕು, ಅದ್ರಲ್ಲಿ ಒಂದು ಚೂರು ಮನೇಲೇ ಇಲ್ಲ, ಆಪ್ಷನ್ಸ್ ಮೆನು ಒಳಗೆ ಇಟ್ಟಿದಾರೆ! ಯಾರು ನೋಡ್ತಾರೆ ಅಲ್ಲಿ, ಹೆದರಿದಾಗ ಪಾಜ್ ಒತ್ತಿ ಉಸಿರು ಬಿಡೋ ಜಾಗ ಅದು, ಅದನ್ನೂ ಬಿಡ್ಲಿಲ್ಲ.

ಕೊನೇ ಪಝಲ್ ಅಂತೂ ಇನ್ನೂ ಚೆನ್ನ. ಮಗು ನಗೋ ಸದ್ದು ಕೇಳ್ಬೇಕು, ಕಂಟ್ರೋಲರ್ ಅದುರ್ಬೇಕು, ಇಂತಿಷ್ಟು ಹೆಜ್ಜೆ ಅಂತ ನಡೆದು ಅಲ್ಲಾಡದೆ ನಿಲ್ಬೇಕು, ಮೈಕಲ್ಲಿ ಮಾತಾಡ್ಬೇಕು, ಹಿಂಗೆ ಒಬ್ಬೊಬ್ರದ್ದು ಒಂದೊಂದು ವಿಧಾನ, ಎಲ್ರೂ ನಂದೇ ಸರಿ ಅಂತಿದ್ರು, ಇದ್ರಲ್ಲಿ ನಿಜವಾಗ್ಲೂ ಕೆಲಸ ಮಾಡಿದ್ದು ಯಾವುದು ಅಂತ ಜಗಳ. ನೋಡಿ, ಇದೂ ಒಂದು ಆಚರಣೆ ಆಗೋಯ್ತಲ್ಲ! ಬಿಡಿಸೋಕೆ ಒಂದು ವಾರ ಆದ್ರೂ ಬೇಕು ಅಂತ ಕೊಜಿಮಾ ಅಂದ್ಕೊಂಡಿದ್ರಂತೆ, ಜನ ಅದೇ ದಿನ ಕೆಲವೇ ಗಂಟೇಲಿ ಮುಗಿಸಿ, ಇದು ಸೈಲೆಂಟ್ ಹಿಲ್ಸ್ ಅನ್ನೋ ದೊಡ್ಡ ಗೇಮಿನ ಟೀಸರ್ ಅಂತ ಬಯಲು ಮಾಡಿದ್ರು. ಆ ದೊಡ್ಡ ಗೇಮ್ ಬರ್ಲೇ ಇಲ್ಲ, 2015ರಲ್ಲಿ ಕ್ಯಾನ್ಸಲ್ ಆಯ್ತು, ಪಿ.ಟಿ.ನೂ ಸ್ಟೋರಿಂದ ತೆಗೆದ್ರು, ಈಗ ಡೌನ್‌ಲೋಡ್ ಮಾಡೋಕೆ ಆಗಲ್ಲ. ಅದಕ್ಕೇ ಇಷ್ಟು ಬಾಯಿಬಿಟ್ಟು ಹೇಳಿದ್ದು, ಇಲ್ಲಾಂದ್ರೆ ಹೇಳ್ತಿರ್ಲಿಲ್ಲ.

ಸರಿ, ನಿಮ್ಮ ಹಿಮದ ಕಾಡಿಗೆ ವಾಪಸ್ ಬರೋಣ. ಎಲ್ಲಾ ಕಡೆ ಬಿಳಿ, ಎಲ್ಲಾ ಮರನೂ ಒಂದೇ ಥರ ಅನ್ಸುತ್ತಲ್ಲ, ಕಾಫಿ ತೋಟಕ್ಕೆ ಹೊಸದಾಗಿ ಬಂದೋರೂ ಇದನ್ನೇ ಹೇಳೋದು. ತೋಟದೋರು ಗಿಡ ನೋಡ್ಕೊಂಡು ದಾರಿ ಹಿಡಿಯಲ್ಲ, ಸಾಲು ಲೆಕ್ಕ ಇಟ್ಕೊಂಡು, ಮುರಿದ ಸಿಲ್ವರ್ ಓಕು, ಕೆರೆ ಮೂಲೆ, ಕಲ್ಲು ಬಂಡೆ ಇಂಥ ಗುರುತಿಟ್ಕೊಂಡು ಹೋಗ್ತಾರೆ. ಈ ಗೇಮಲ್ಲೂ ಸಾಲುಗಳೇ ಇರೋದು, ಒಂದು ಸಾಲಲ್ಲಿ ಎಡಕ್ಕೆ ಬಲಕ್ಕೆ ಎಷ್ಟು ಬೇಕಾದ್ರೂ ಹೋಗ್ಬೋದು, ಆದ್ರೆ ಹಿಂದಿನ ಸಾಲಿಗೋ ಮುಂದಿನ ಸಾಲಿಗೋ ದಾಟೋಕೆ ಕೆಲವು ಕಡೆ ಮಾತ್ರ ದಾರಿ. ಒಂದು ಹಾಳೆ ತಗೊಂಡು ಅಡ್ಡಗೆರೆ ಹಾಕಿ, ದಾಟೋ ಜಾಗಕ್ಕೆ ಉದ್ದಗೆರೆ, ಕಂಡ ಗುರುತೆಲ್ಲ ಬರ್ಕೊಳ್ಳಿ. ಪಿಸಿ ವರ್ಷನ್ನಲ್ಲಿ ಮ್ಯಾಪ್ ಕೊಟ್ಟಿದಾರೆ ನಿಜ, ಮೊದ್ಲು ಐಪ್ಯಾಡಲ್ಲಿ ಅದೂ ಇರ್ಲಿಲ್ಲ, ನಾನು ಆಡಿದ್ದು ಹಂಗೇನೇ. ಮ್ಯಾಪ್ ಇದ್ರೂ ಕೈಯಲ್ಲಿ ಬರ್ಕೊಂಡಿದ್ದು ತಲೇಲಿ ನಿಲ್ಲುತ್ತೆ.

ಹೆಡ್‌ಫೋನ್ ಇಲ್ದೆ ಆಡ್ಲೇಬೇಡಿ. ಕಿವಿಲೇ ಬಿಡಿಸೋ ಪಝಲ್ ಇದೆ, ಕೇಳಿದ ರಾಗಾನ ನೆನಪಿಟ್ಕೋಬೇಕು. ನನಗೆ ಸ್ವರಜ್ಞಾನ ಸೊನ್ನೆ, ಅಲ್ಲಿ ಒದ್ದಾಡ್ತಾ ಕೂತಿದ್ದಾಗ ಸಂಗೀತ ಕ್ಲಾಸಿಗೆ ಹೋಗೋ ನನ್ ತಂಗಿ ಪಕ್ಕ ಬಂದು ಒಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು, ಅಯ್ಯೋ ಇಷ್ಟೇನಾ ಅಣ್ಣ ಅಂತ ಮುಗಿಸಿ ಎದ್ದು ಹೋದ್ಲು, ಏನ್ ಗೇಮು ಅಂತಾನೂ ಕೇಳ್ಲಿಲ್ಲ. ಮನೇಲಿ ಅಂಥವರು ಇದ್ರೆ ಕರೀರಿ.

ಇನ್ನೊಂದು, ಮೆನುವಲ್ಲಿ ಎನ್‌ಸೈಕ್ಲೋಪೀಡಿಯಾ ಇದೆ, ಅದನ್ನ ಸ್ಕಿಪ್ ಮಾಡೋರೇ ಜಾಸ್ತಿ. ಐಪ್ಯಾಡ್ ಕಾಲದಲ್ಲಿ ಇದು ಬೇರೆನೇ ಒಂದು ಫ್ರೀ ಆ್ಯಪ್ ಆಗಿ ಬಂದಿತ್ತು, ಥಿಯೋಡರ್ ಆಲ್ಮ್‌ಸ್ಟೆನ್ ಅನ್ನೋ ವಿದ್ವಾಂಸ ಬರೆದಿದ್ದು ಅಂತ ಹೇಳಿ ಸ್ವೀಡನ್ನಿನ ಜಾನಪದದ ವಿವರ ಕೊಟ್ಟಿರ್ತಾರೆ, ಜಾನಪದ ನಿಜ, ವಿದ್ವಾಂಸ ಕಲ್ಪನೆ. ಎದುರಿಗೆ ಯಾವ ಪ್ರಾಣಿ ಬರುತ್ತೋ ಅದರ ಪುಟ ಓದಿ, ಅದಕ್ಕೆ ಏನ್ ಬೇಕು ಅಂತ ತಿಳೀದೆ ಪಝಲ್ ಮುಂದೆ ಹೋಗಲ್ಲ. ಮತ್ತೆ ಗೇಮ್ ಮುಗೀತು ಅಂತ ಹೆಸರುಗಳೆಲ್ಲ ಓಡಿದ ಕೂಡ್ಲೇ ಅನ್‌ಇನ್‌ಸ್ಟಾಲ್ ಮಾಡ್ಬೇಡಿ, ಆ ವಿದ್ವಾಂಸರ ಕಡೆ ವಾಪಸ್ ಹೋಗೋಕೆ ಕಾರಣ ಸಿಗುತ್ತೆ. ಅರ್ಧಕ್ಕರ್ಧ ಕಥೆ ಅಲ್ಲಿದೆ, ನನ್ನ ಪ್ರಕಾರ ಮೊದಲನೇ ಕೊನೆಗಿಂತ ಅದೇ ಒಂದು ಕೈ ಮೇಲು.

ವಾಕ್‌ಥ್ರೂ ಬೇಡ ಅಂದಿದ್ದು ಯಾಕೆ ಅಂತ ಈಗ ಗೊತ್ತಾಗಿರ್ಬೇಕು. ಈ ಗೇಮ್ ಬೇಗ ಮುಗಿಯುತ್ತೆ, ಒಂದು ಸಂಜೆ ಕೆಲಸ. ವಿಡಿಯೋ ನೋಡ್ಕೊಂಡು ಆಡಿದ್ರೆ ನಿಮಗೆ ಉಳಿಯೋದು ಎಡ, ಬಲ, ಕ್ಲಿಕ್, ಚರ್ಚು, ಮುಗೀತು, ದುಡ್ಡು ದಂಡ. ಗೇಮ್ ಒಳಗೇ ಹಿಂಟ್ ಇದೆ, ಅದನ್ನ ಮೊದ್ಲು ನೋಡಿ, ಅದೂ ಸಾಕಾಗಿಲ್ಲ ಅಂದ್ರೆ ಆಡಿ ಮುಗಿಸಿದ ಫ್ರೆಂಡ್ ಯಾರಾದ್ರೂ ಇದ್ರೆ ಫೋನ್ ಮಾಡಿ ಕೇಳಿ. ಮನುಷ್ಯರಾದ್ರೆ ಬೇಕಾದಷ್ಟೇ ಹೇಳ್ತಾರೆ, ವಿಡಿಯೋ ಮಾಡಿದೋನು ಮುಂದಿನ ಮೂರು ಪಝಲ್ಲೂ ಸೇರಿಸಿ ಉಗುಳಿಬಿಡ್ತಾನೆ. ಆದ್ರೆ ಒಂದೇ ಜಾಗದಲ್ಲಿ ಸಿಟ್ಟು ಬಂದು ಲ್ಯಾಪ್‌ಟಾಪ್ ಮುಚ್ಚೋ ಹಂಗಾಗಿ, ಮಾರನೇ ದಿನಾನೂ ತೆರೆಯೋಕೆ ಮನಸ್ಸಿಲ್ಲ ಅಂದ್ರೆ ಆ ಒಂದು ಉತ್ತರ ನೋಡಿ ದಾಟಿ, ಯಾರೂ ಶಾಲೆ ಪರೀಕ್ಷೆ ಇಟ್ಟಿಲ್ಲ.

ಇದು ಹಿಡಿಸಿದ್ರೆ ಮುಂದಕ್ಕೆ ಸಿಮೋಗೊದವ್ರದ್ದೇ ಲೊರೆಲೈ ಅಂಡ್ ದಿ ಲೇಸರ್ ಐಸ್ ಇದೆ, 2024ರ ಮೇ ತಿಂಗಳಲ್ಲಿ ಬಂದಿದ್ದು. ಒಂದು ಹಳೇ ಹೋಟೆಲ್, ಕಪ್ಪು ಬಿಳುಪು, ನಡುನಡುವೆ ಕೆಂಪು, ಹೆದರಿಕೆ ಕಮ್ಮಿ ಕಸಿವಿಸಿ ಜಾಸ್ತಿ. ಪಝಲ್ ವಿಷ್ಯದಲ್ಲಿ ಇಯರ್ ವಾಕ್ ಇದರ ಮುಂದೆ ಅಂಗನವಾಡಿ. ರೋಮನ್ ಅಂಕಿ, ಇಸವಿಗಳು, ಬೀಗದ ನಂಬರ್, ಚಕ್ರವ್ಯೂಹ, ಇಂಥವೇ ಪಝಲ್‌ಗಳು. ಓದಿದ ಕಾಗದ ಪತ್ರ ಎಲ್ಲಾ ಗೇಮೇ ನೆನಪಿಟ್ಕೊಂಡು ಮೆನುವಲ್ಲಿ ತೋರ್ಸುತ್ತೆ, ಆದ್ರೂ ಪೆನ್ನು ಪೇಪರ್ ಇಟ್ಕೊಂಡೇ ಕೂರ್ಬೇಕು. ಕೆಲವು ಪಝಲ್ಲಿನ ಉತ್ತರ ಒಬ್ಬೊಬ್ರಿಗೆ ಒಂದೊಂದು ಥರ ಬರುತ್ತೆ, ಹಂಗಾಗಿ ಬೇರೆಯವರ ನಂಬರ್ ಕಾಪಿ ಹೊಡೆಯೋಕೂ ಆಗಲ್ಲ, ಒಳ್ಳೇ ಕೆಲ್ಸ ಮಾಡಿದಾರೆ. ಒಂದೇ ತಕರಾರು, ಇಂಗ್ಲಿಷಲ್ಲಿ ಓದೋದು ತುಂಬಾ ಇದೆ, ನಿಧಾನವಾಗಿ ಓದೋ ಅಭ್ಯಾಸ ಇಲ್ದಿದ್ರೆ ಬೇಜಾರಾಗುತ್ತೆ. ಇಯರ್ ವಾಕ್‌ಗೆ ಆ ತೊಂದ್ರೆ ಇಲ್ಲ, ನಮ್ಮ ಹಳೇ ಲ್ಯಾಪ್‌ಟಾಪಲ್ಲೂ ಗ್ರಾಫಿಕ್ಸ್ ಕಾರ್ಡ್ ಇಲ್ದೆ ಆರಾಮಾಗಿ ಓಡುತ್ತೆ.

ಆ ಕುದುರೆ ವಿಷ್ಯಕ್ಕೆ ಬಂದ್ರೆ, ಅದು ಬ್ಯಾಕಹೆಸ್ಟ್, ಮಕ್ಕಳನ್ನ ಬೆನ್ನ ಮೇಲೆ ಹತ್ತಿಸ್ಕೊಂಡು ನೀರಿಗೆ ಎಳ್ಕೊಂಡು ಹೋಗೋ ಹೊಳೆ ಕುದುರೆ. ಅದಕ್ಕೆ ಏನ್ ಬೇಕು ಅನ್ನೋದು ಎನ್‌ಸೈಕ್ಲೋಪೀಡಿಯಾದ ಮೈಲಿಂಗ್ ಪುಟ ಓದಿದ್ರೆ ಹೊಳೆಯುತ್ತೆ. ಹೊಳೆ ಹತ್ರಾನೇ ನಿಂತು ಕ್ಲಿಕ್ ಮಾಡ್ತಾ ಇರ್ಬೇಡಿ, ಈಗಾಗ್ಲೇ ದಾಟಿ ಬಂದಿರೋ ಸಾಲುಗಳಿಗೆ ವಾಪಸ್ ಹೋಗಿ, ಹೆಡ್‌ಫೋನ್ ಹಾಕ್ಕೊಂಡು, ಮೊದ್ಲು ಏನೂ ಇಲ್ಲ ಅಂತ ಬಿಟ್ಟು ಬಂದ ಜಾಗಗಳನ್ನ ಒಂದೊಂದೇ ನೋಡಿ. ಎಲ್ಲಾ ಒಂದೇ ಕಡೆ ಇಲ್ಲ.