ಡ್ರಾಯಿಂಗ್ ಮೇಷ್ಟ್ರಿಗೆ ಒಬ್ಬರೇ ಕೂತು ಚಿತ್ರ ಬರೆಯೋಕೆ ಆಗ್ತಿರಲಿಲ್ಲ

ಮನಸ್ಸಿನ ತೊಂದರೆಗೆ ಸಲಹೆ ಕೇಳಿ ನನ್ನ ಹತ್ತಿರ ಬಂದ ಡ್ರಾಯಿಂಗ್ ಮೇಷ್ಟ್ರೊಬ್ಬರ ಕಥೆ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಊರು, ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಹೆಸರು ಬೇಡ, ಶಿಷ್ಯರು ಕರೆಯುವ ಹಾಗೆ ಮೇಷ್ಟ್ರು ಅಂತಲೇ ಕರೆಯೋಣ.

ಮೇಷ್ಟ್ರಿಗೆ ನಲವತ್ತೇಳು ವರ್ಷ. ಜಲವರ್ಣದ ಕಲಾವಿದರು, ಮೈಸೂರಿನವರು ಅಂದುಕೊಳ್ಳಿ. ವಾರಕ್ಕೆ ಮೂರು ದಿನ ಖಾಸಗಿ ಶಾಲೆಯಲ್ಲಿ ಪಾಠ. ಸಂಜೆ ಮನೆ ಮಹಡಿಯಲ್ಲಿ ಮಕ್ಕಳ ಕ್ಲಾಸು, ಅದರಲ್ಲಿ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವವರದ್ದೇ ಒಂದು ಬ್ಯಾಚು. ಶನಿವಾರ ಬೆಳಗ್ಗೆ ಆರೂವರೆಗೆ ಕ್ಯಾಲಿಫೋರ್ನಿಯಾದ ಕನ್ನಡ ಮಕ್ಕಳಿಗೆ ಆನ್‌ಲೈನ್ ಕ್ಲಾಸು, ಅವರಿಗೆ ಅದು ಶುಕ್ರವಾರ ಸಂಜೆ. ಭಾನುವಾರ ದೊಡ್ಡವರ ಬ್ಯಾಚು. ಇದರ ನಡುವೆ ಯಾವುದಾದರೂ ಕಾಲೇಜಿನವರು, ಅಪಾರ್ಟ್‌ಮೆಂಟಿನವರು ಕರೆದರೆ ಡೆಮೊ, ಅಂದರೆ ಜನರ ಎದುರು ಚಿತ್ರ ಬರೆದು ತೋರಿಸುವುದು. ಜನವರಿ ಹತ್ತಿರ ಬಂತು ಅಂದರೆ ಕಲಾವಿದರು ಬೀದಿಯಲ್ಲೇ ಚಿತ್ರ ಮಾರುವ, ಬೆಂಗಳೂರಿನ ಕುಮಾರಕೃಪ ರಸ್ತೆಯ ಚಿತ್ರಸಂತೆಗೆ ಸರಕು ರೆಡಿ ಮಾಡಬೇಕು. ಸರಕು ಅನ್ನೋದು ಅವರದ್ದೇ ಮಾತು, ಅದನ್ನು ಹೇಳುವಾಗ ಸ್ವಲ್ಪ ಕಹಿಯಾಗಿಯೇ ಹೇಳಿದರು.

"ದಿನಾ ಬ್ರಷ್ ಕೈಯಲ್ಲೇ ಇರುತ್ತೆ ಮೇಡಂ. ಆದ್ರೆ ನಂದು ಅಂತ ಒಂದು ಚಿತ್ರ ಬರೆದು ಎರಡು ವರ್ಷ ಆಯ್ತು. ಕೂರ್ತೀನಿ, ಕಾಗದ ಅಂಟಿಸ್ತೀನಿ, ಎದ್ದು ಹೋಗ್ತೀನಿ."

ಇದರ ಜೊತೆಗೆ ಸಿಟ್ಟು. ಅವರನ್ನು ನನ್ನ ಹತ್ತಿರ ಕಳಿಸಿದ್ದು ಅವರ ಹೆಂಡತಿ, ಅದಕ್ಕೆ ಕಾರಣ ಒಂದು ಸ್ಪರ್ಧೆ. ತಾಯಿಯೊಬ್ಬರು ತಮ್ಮ ಮಗನ ಚಿತ್ರ ಸ್ವಲ್ಪ ನೋಡಿಕೊಡಿ ಸರ್ ಅಂದರು. ಮೇಷ್ಟ್ರು ಸ್ವಲ್ಪ ನೋಡಿಕೊಡುತ್ತಾ ಆಕಾಶ, ನೀರು, ದೂರದ ಗುಡ್ಡ ಎಲ್ಲಾ ತಾವೇ ಬರೆದುಬಿಟ್ಟರು. ಹುಡುಗನ ಪಾಲಿಗೆ ಉಳಿದದ್ದು ಒಂದು ದೋಣಿ. ಮೊದಲ ಬಹುಮಾನ ಬಂತು. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ, ಕೈಮುಗಿದ ಚಿಹ್ನೆಗಳ ಸಾಲು. ಮಾರನೇ ದಿನ ಕ್ಲಾಸಿನಲ್ಲಿ ಏನೂ ತಪ್ಪು ಮಾಡದ ಇನ್ನೊಂದು ಮಗುವಿನ ಮೇಲೆ ರೇಗಿ, ಅದರ ಹಾಳೆಯನ್ನು ಕಿತ್ತು ಎಸೆದರು. ಮಗು ಅತ್ತಿತು. ಮೇಷ್ಟ್ರು ಆ ರಾತ್ರಿ ಊಟ ಮಾಡಲಿಲ್ಲ.

ಇಂಥವರು ಬಂದಾಗ ಮೊದಲು ಕೇಳಬೇಕಾದ್ದು ಕೆಲವು ಇರುತ್ತವೆ. ನಿದ್ದೆ, ಹಸಿವು, ಕುಡಿತ, ಸಾಯುವ ಯೋಚನೆ. ನೇರವಾಗಿಯೇ ಕೇಳಿದೆ. ನಿದ್ದೆ ಕಮ್ಮಿ, ಉಳಿದದ್ದರಲ್ಲಿ ತೊಂದರೆ ಇರಲಿಲ್ಲ. (ಓದುವವರಲ್ಲಿ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯುತ್ತಾ ಕೂರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.) ಬಲಗೈ ಮಣಿಕಟ್ಟು ನೋಯುತ್ತೆ ಅಂದರು, ಅದಕ್ಕೆ ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಎಲ್ಲದಕ್ಕೂ ಮನಸ್ಸೇ ಕಾರಣ ಅನ್ನುವ ಪೈಕಿ ನಾನಲ್ಲ.

ಮುಂದಿನ ಸಲ ಬರುವಾಗ ಬಣ್ಣದ ಪೆಟ್ಟಿಗೆ ತನ್ನಿ, ಇಲ್ಲೇ ಏನಾದರೂ ಬರೆಯಿರಿ ಅಂದೆ. ತಂದರು. ಒಳ್ಳೆಯ ದಪ್ಪನೆಯ ಹತ್ತಿ ಕಾಗದದ ಕಾಲು ಭಾಗ, ನಾಲ್ಕೂ ಅಂಚಿಗೆ ಟೇಪು. ದೊಡ್ಡ ಬ್ರಷ್‌ನಲ್ಲಿ ನೀರು ಎಳೆದರು. ಅಲ್ಟ್ರಾಮರೀನ್ ನೀಲಿಗೆ ಚೂರು ಕಂದು ಸೇರಿಸಿ ಮೇಲಿನಿಂದ ಬಿಟ್ಟರು, ಬಣ್ಣ ತಾನಾಗೇ ಕೆಳಗೆ ಇಳಿಯಿತು. ನೋಡೋಕೆ ಚಂದ. ಆದರೆ ಒಂದು ನಿಮಿಷ ಆಗಿಲ್ಲ, ಮಾತು ಶುರು. "ಈಗ ಕಾಗದ ಒದ್ದೆ ಇದೆ, ಅಲ್ವಾ? ಈ ಹೊಳಪು ಹೋಗೋವರೆಗೆ ಮುಟ್ಟಬಾರದು. ಅರ್ಧ ಒಣಗಿದಾಗ ಜಾಸ್ತಿ ನೀರಿರೋ ಬ್ರಷ್ ತಗುಲಿದ್ರೆ ಕಲೆ ಆಗುತ್ತೆ. ಇನ್ನೊಂದು, ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತೆ, ಅದಕ್ಕೇ ಸ್ವಲ್ಪ ಗಾಢವಾಗೇ ಹಾಕ್ಬೇಕು." ನನಗೆ ಯಾಕೆ ಹೇಳುತ್ತಿದ್ದೀರಿ ಅಂತ ಕೇಳಿದೆ. ಹೇಳ್ತಾ ಇದ್ನಾ ಅಂತ ಅವರೇ ಕೇಳಿದರು. ಹಾಗೆ ಕೇಳುತ್ತಲೇ ಕೈ ಚೀಲದೊಳಗೆ ಹೋಯಿತು, ಹೇರ್ ಡ್ರೈಯರ್ ಹೊರಗೆ ಬಂತು, ಕಣ್ಣು ಪ್ಲಗ್ ಪಾಯಿಂಟ್ ಹುಡುಕುತ್ತಿತ್ತು.

ಡೆಮೊದಲ್ಲಿ ಕಾಯೋಕೆ ಆಗೋದಿಲ್ಲ. ನಲವತ್ತು ನಿಮಿಷ, ಎದುರಿಗೆ ಜನ, ಒಂದು ಪದರ ಒಣಗುವವರೆಗೆ ಅವರನ್ನು ಕೂರಿಸುವುದು ಹೇಗೆ? ಡ್ರೈಯರ್ ಹಿಡಿದು ಒಣಗಿಸಿ ಮುಂದೆ ಹೋಗಬೇಕು, ಬಾಯಿ ಸುಮ್ಮನಿರಬಾರದು. ವರ್ಷಗಟ್ಟಲೆ ಹೀಗೇ ಮಾಡಿ ಮಾಡಿ ಮೇಷ್ಟ್ರಿಗೆ ಚಿತ್ರ ಬರೆಯೋದು ಅಂದರೆ ಯಾರಿಗೋ ತೋರಿಸೋದು ಅಂತಲೇ ಆಗಿಬಿಟ್ಟಿತ್ತು. ತಪ್ಪಾಗಬಾರದು, ಮೊದಲೇ ಗೊತ್ತಿರುವ ಚಿತ್ರವೇ ಆಗಬೇಕು, ಟೈಮಿಗೆ ಮುಗಿಯಬೇಕು. ಒಬ್ಬರೇ ಕೂತರೆ ನೋಡುವವರು ಯಾರೂ ಇಲ್ಲ, ಏನು ಬರೆಯಬೇಕು ಅಂತಲೇ ಹೊಳೆಯುತ್ತಿರಲಿಲ್ಲ. ಅವರು ಇದಕ್ಕೆ ಸೋಮಾರಿತನ ಅಂತ ಹೆಸರಿಟ್ಟುಕೊಂಡು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಜಲವರ್ಣ ನೋಡಿ ಖುಷಿಯಾದದ್ದು ಯಾವಾಗ ಅಂತ ಕೇಳಿದಾಗ ಅವರು ಕಲಾಶಾಲೆಯ ದಿನಗಳಿಗೆ ಹೋದರು. ಬೆಂಗಳೂರಿಗೆ ಬಸ್ ಹತ್ತಿ ಹೋಗಿ ಹಳೆಯ ಕಾಲದ ಹೆಸರಾಂತ ಜಲವರ್ಣ ಕಲಾವಿದ ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲಿನ ಚಿತ್ರಗಳ ಮುಂದೆ ನಿಂತದ್ದು. "ಆ ಮಂಜು ಇದೆಯಲ್ಲ ಮೇಡಂ, ಅದನ್ನ ಪಕ್ಕದಲ್ಲಿ ಜನ ನಿಲ್ಲಿಸ್ಕೊಂಡು ಬರೆಯೋಕೆ ಆಗಲ್ಲ." ಉತ್ತರ ಅವರ ಬಾಯಿಂದಲೇ ಬಂತು, ನಾನು ಬರೆದುಕೊಂಡೆ ಅಷ್ಟೆ.

ಈಗ ಸಲಹೆ. ಇಂಥ ಕಡೆ ಎಲ್ಲರೂ ಹೇಳುವುದು ಒಂದೇ, ಸ್ವಲ್ಪ ದಿನ ಬ್ರೇಕ್ ತಗೊಳ್ಳಿ. ಹೇಳೋಕೆ ಸುಲಭ. ಹೆಂಡತಿಯ ಸಂಬಳ ಮನೆ ಸಾಲಕ್ಕೆ ಹೋಗುತ್ತೆ, ಮಗಳ ಕಾಲೇಜು ಫೀಸು, ದಿನಸಿ ಎಲ್ಲಾ ಇವರ ಕ್ಲಾಸುಗಳಿಂದ. ಅಲ್ಲದೆ ಮೇಷ್ಟ್ರಿಗೆ ಪಾಠ ಮಾಡೋದು ಇಷ್ಟ, ಚೆನ್ನಾಗಿಯೂ ಮಾಡುತ್ತಾರೆ. ಅದನ್ನು ಕಿತ್ತುಕೊಂಡರೆ ಇನ್ನೇನು ಉಳಿಯುತ್ತೆ? ಹಾಗಾಗಿ ಕೆಲಸ ಬಿಡಿ ಅನ್ನಲಿಲ್ಲ, ಬೇಲಿ ಹಾಕಿ ಅಂದೆ.

ಮೊದಲು ಬೆಳಗಿನ ಹೊತ್ತು. ಅವರಿಗೆ ಒಗ್ಗುವ ಬೆಳಕು ಆರೂವರೆಯಿಂದ ಎಂಟರವರೆಗೆ, ಆ ಹೊತ್ತಿನಲ್ಲಿ ವಾರದ ಬೇರೆ ದಿನ ಮನೆಯಲ್ಲಿ ಹೊರಡುವ ಗಡಿಬಿಡಿ, ಇದ್ದ ಒಂದು ಶನಿವಾರ ಆನ್‌ಲೈನ್ ಕ್ಲಾಸಿಗೆ ಹೋಗಿತ್ತು. ಆ ಬ್ಯಾಚನ್ನು ಶನಿವಾರ ರಾತ್ರಿ ಎಂಟೂವರೆಗೆ ತಳ್ಳಲು ಹೇಳಿದೆ, ಕ್ಯಾಲಿಫೋರ್ನಿಯಾದಲ್ಲಿ ಆಗ ಶನಿವಾರ ಬೆಳಗ್ಗೆ. ಮಕ್ಕಳು ಬಿಟ್ಟು ಹೋಗ್ತಾರೆ ಅಂತ ಹೆದರಿದರು. ಕೇಳಿದರೆ ಅಲ್ಲಿನ ಅಪ್ಪ ಅಮ್ಮಂದಿರಿಗೇ ಅದು ಅನುಕೂಲವಂತೆ, ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಷ್ಟೆ.

ಆ ಶನಿವಾರ ಬೆಳಗ್ಗೆಗೆ ಕೆಲವು ಷರತ್ತು. ಫೋನು ಕೆಳಗಿನ ಮನೆಯಲ್ಲಿ. ಹೇರ್ ಡ್ರೈಯರ್ ಕ್ಲಾಸಿನ ಬೀರುವಿನಲ್ಲಿ, ಬೀಗ ಹಾಕಿ. ಬರೆದದ್ದನ್ನು ಯಾರಿಗೂ ತೋರಿಸುವಂತಿಲ್ಲ, ಸ್ಟೇಟಸ್ಸಿಗೆ ಹಾಕುವಂತಿಲ್ಲ, ಚಿತ್ರಸಂತೆಗೆ ಒಯ್ಯುವಂತಿಲ್ಲ. ಹೆಂಡತಿಯೂ "ಏನು ಬರೆದ್ರಿ?" ಅಂತ ಕೇಳಬಾರದು. ಹೊಸ ಕಾಗದ ಬೇಡ, ಕೆಟ್ಟುಹೋದ ಹಳೇ ಚಿತ್ರಗಳ ಹಿಂಬದಿ ಸಾಕು. ಈ ಕೊನೆಯದನ್ನು ಕೇಳಿ ಮೇಷ್ಟ್ರು ಮೊದಲ ಸಲ ನಕ್ಕರು. ಮಕ್ಕಳಿಗೆ ಅವರೇ ಹೇಳುವ ಮಾತಂತೆ ಅದು. ತಮಗೆ ಮಾತ್ರ ದುಬಾರಿ ಹಾಳೆಯೇ ಆಗಬೇಕಿತ್ತು, ಅದನ್ನು ಕೆಡಿಸಬಾರದು ಅನ್ನುವ ಹೆದರಿಕೆ ಬೇರೆ.

ಎರಡನೆಯದು ಮಕ್ಕಳ ಹಾಳೆ. ಇನ್ನು ಮೇಲೆ ಮೇಷ್ಟ್ರ ಬ್ರಷ್ ಮಕ್ಕಳ ಹಾಳೆ ಮುಟ್ಟಬಾರದು, ತೋರಿಸುವುದಿದ್ದರೆ ಪಕ್ಕದಲ್ಲಿ ಚೂರು ಕಾಗದ ಇಟ್ಟು ತೋರಿಸಿ. ಪೋಷಕರಿಗೆ ಕಳಿಸುವ ಮೆಸೇಜನ್ನು ಇಲ್ಲೇ ಕೂತು ಬರೆಸಿದೆ. ಮೊದಲ ಕರಡಿನಲ್ಲಿ ನಾಲ್ಕು ಸಲ ಕ್ಷಮೆ ಇತ್ತು, ಎಲ್ಲಾ ತೆಗೆಸಿದೆ. "ಸ್ಪರ್ಧೆಯ ಚಿತ್ರವನ್ನು ಮಗುವೇ ಬರೆಯುತ್ತದೆ. ನಾನು ಹೇಳಿಕೊಡುತ್ತೇನೆ, ಬರೆದುಕೊಡುವುದಿಲ್ಲ." ಇಷ್ಟೇ ಹೋಯಿತು. ಇಬ್ಬರು ಪೋಷಕರು ಮಕ್ಕಳನ್ನು ಕ್ಲಾಸಿನಿಂದ ಬಿಡಿಸಿದರು. ಹಾಳೆ ಎಸೆಸಿಕೊಂಡ ಮಗುವಿನ ಹತ್ತಿರ ಎಲ್ಲರ ಎದುರಿಗೇ ಸಾರಿ ಕೇಳಿ ಅಂದೆ, ರೇಗಿದ್ದೂ ಎಲ್ಲರ ಎದುರಿಗೇ ತಾನೇ. ಕೇಳಿದರು.

ಮಾರಾಟದ ಚಿತ್ರಗಳ ವಿಷಯದಲ್ಲಿ ನಾನು ಅವರ ಜೊತೆ ವಾದವನ್ನೇ ಮಾಡಿದೆ. ಬಾದಾಮಿಯ ಬಂಡೆ, ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು, ಇವೇ ಮತ್ತೆ ಮತ್ತೆ ಹೋಗೋದು, ಅದನ್ನು ಬರೆಯೋಕೆ ನಾಚಿಕೆ ಅಂದರು. ನಾಚಿಕೆ ಯಾಕೆ? ಜನ ಪ್ರೀತಿಯಿಂದ ಕೊಂಡು ಗೋಡೆಗೆ ಹಾಕಿಕೊಳ್ಳುತ್ತಾರೆ, ಮಗಳ ಫೀಸು ಕಟ್ಟಲು ಆಗುತ್ತೆ. ಅದನ್ನು ಮಧ್ಯಾಹ್ನ ಮಾಡಿ, ಹಾಡು ಹಾಕಿಕೊಂಡು ಮಾಡಿ, ಡ್ರೈಯರ್ ಬೇಕಾದರೂ ಬಳಸಿ. ಬೆಳಗಿನದರ ಜೊತೆ ಬೆರೆಸಬೇಡಿ, ಅಷ್ಟೇ.

ವಯಸ್ಸಾಯ್ತು, ಇನ್ನೆಲ್ಲಿ ಅಂತ ಒಂದು ದಿನ ತುಂಬ ಸಪ್ಪೆಯಾಗಿದ್ದರು. ಕಲಾವಿದ ರುಮಾಲೆ ಚನ್ನಬಸವಯ್ಯನವರ ಕಥೆ ನಿಮಗೇ ಚೆನ್ನಾಗಿ ಗೊತ್ತಲ್ಲ ಅಂದೆ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಅಂತ ವರ್ಷಗಟ್ಟಲೆ ಬ್ರಷ್ಷಿನಿಂದ ದೂರ ಇದ್ದವರು ನಡುವಯಸ್ಸಿನ ಮೇಲೆ ಮರಳಿ ಬಂದು ಬೆಂಗಳೂರಿನ ಹೂಮರಗಳನ್ನು ಬರೆದರು. "ಅವರು ಕ್ಲಾಸ್ ಮಾಡ್ತಿರಲಿಲ್ಲ ಬಿಡಿ" ಅಂದರು. ಆ ಮಾತೂ ಸರಿಯೇ, ನಾನು ಎಳೆದಾಡಲಿಲ್ಲ.

ಮೊದಲ ಕೆಲವು ಶನಿವಾರ ಏನೂ ಬರೆಯಲಿಲ್ಲವಂತೆ. ಕಾಗದಕ್ಕೆ ನೀರು ಎಳೆದು ಒಣಗುವುದನ್ನು ನೋಡುತ್ತಾ ಕೂತಿದ್ದರು, ಬಾಯಿ ಮಾತ್ರ ತನ್ನಷ್ಟಕ್ಕೆ ಪಾಠ ಹೇಳುತ್ತಿತ್ತಂತೆ. ಆಮೇಲೆ ಮಳೆಗಾಲ ಬಂತು, ಹವೆ ತಂಪು, ಒಂದು ಪದರ ಒಣಗೋಕೆ ಮೊದಲಿಗಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಇದೇ ಒಳ್ಳೆಯದಾಯಿತು ಅಂದರು, ಕಾಯದೆ ವಿಧಿಯಿಲ್ಲ. ಈಗ ಏನೋ ಬರೆಯುತ್ತಿದ್ದಾರೆ. ಏನು ಅಂತ ನನಗೂ ಹೇಳಿಲ್ಲ, ಷರತ್ತು ನನಗೂ ಅನ್ವಯ. ನಿದ್ದೆ ಪರವಾಗಿಲ್ಲ, ಮನೆಯಲ್ಲಿ ರೇಗುವುದು ಕಮ್ಮಿಯಾಗಿದೆ ಅಂತ ಹೆಂಡತಿ ಫೋನಿನಲ್ಲಿ ತಿಳಿಸಿದರು.

ಡೆಮೊದ ದುಡ್ಡಿನ ವಿಷಯ ಇನ್ನೂ ಬಗೆಹರಿದಿಲ್ಲ. "ನಿಮಗೂ ಪ್ರಚಾರ ಸಿಗುತ್ತೆ ಸರ್" ಅಂತ ಯಾರಾದರೂ ಅಂದರೆ ಸಾಕು, ಇವತ್ತಿಗೂ ಬಸ್ ಚಾರ್ಜು ಕೂಡ ಕೇಳದೆ ಹೊರಟುಬಿಡುತ್ತಾರೆ. ಕರೆಯುವವರಿಗೆ ಮೊದಲ ಫೋನಿನಲ್ಲೇ ದರ ಹೇಳೋದನ್ನು ನನ್ನ ಎದುರು ಅಭ್ಯಾಸ ಮಾಡಿಸುತ್ತಿದ್ದೇನೆ, ಹೇಳುವಾಗ ದನಿ ಅರ್ಧಕ್ಕೆ ಇಳಿಯುತ್ತೆ. ಮುಂದಿನ ಭೇಟಿಗೂ ಅದೇ ಪಾಠ.